ಭಯಕ್ಕೆ ಕಟ್ಟಿದ ಕೂಲಿ

ನೈಟ್ರೋಗ್ಲಿಸರಿನ್ ನೋಡುವುದಕ್ಕೆ ಬಹಳ ಸಾಧು ದ್ರವ. ಎಣ್ಣೆಯ ಹಾಗೆ ಮಂದವಾಗಿರುತ್ತದೆ. ಆದರೆ ಅದನ್ನು ತುಂಬಿದ ಡಬ್ಬಿಗೆ ಜೋರಾಗಿ ಒಂದು ಪೆಟ್ಟು ಬಿದ್ದರೆ ಸಾಕು, ಅದರ ಪ್ರತಿ 4 ಅಣುಗಳು ಒಡೆದು ಅನಿಲದ 29 ಅಣುಗಳಾಗುತ್ತವೆ. ಅದೂ ಕಣ್ಣು ಮಿಟುಕಿಸುವುದರೊಳಗೆ, ವಿಪರೀತ ಶಾಖದೊಂದಿಗೆ. ಇಟಲಿಯ ರಸಾಯನ ವಿಜ್ಞಾನಿ ಅಸ್ಕಾನಿಯೊ ಸೊಬ್ರೆರೊ 1847ರಲ್ಲಿ ಇದನ್ನು ತಯಾರಿಸಿದ. ಆಲ್ಫ್ರೆಡ್ ನೊಬೆಲ್‌ನ ತಮ್ಮ ಎಮಿಲ್ 1864ರಲ್ಲಿ ಇದರ ಸ್ಫೋಟಕ್ಕೇ ಬಲಿಯಾದ. ನೊಬೆಲ್ ಇದನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ಪಳಗಿಸಿದ್ದು, ಅದಕ್ಕೆ ಡೈನಮೈಟ್ ಎಂದು ಹೆಸರಿಟ್ಟು 1867ರಲ್ಲಿ ಪೇಟೆಂಟ್ ಪಡೆದದ್ದು ಆ ನಂತರ. ತರಗತಿಯಲ್ಲಿ ಇಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗಬಹುದು. ನಾನು ಮಾತ್ರ ಜೊತೆಗೆ ಒಂದು ಸಿನಿಮಾದ ಕಥೆಯನ್ನೂ ಹೇಳುತ್ತೇನೆ.

ಚಿತ್ರದ ಹೆಸರು ‘ದಿ ವೇಜಸ್ ಆಫ್ ಫಿಯರ್’. ಭಯದ ಕೂಲಿ ಎಂದರೆ ಸರಿಹೋದೀತು. ಜಾರ್ಜ್ ಆರ್ನೋ ಎಂಬ ಫ್ರೆಂಚ್ ಲೇಖಕನ ಕಾದಂಬರಿಯನ್ನು ಆಧರಿಸಿ ಹೆನ್ರಿ-ಜಾರ್ಜ್ ಕ್ಲೂಜೊ 1953ರಲ್ಲಿ ತೆರೆಗೆ ತಂದ ಕಪ್ಪು-ಬಿಳುಪು ಚಿತ್ರ. ಅದೇ ವರ್ಷ ಕಾನ್ ಮತ್ತು ಬರ್ಲಿನ್ ಎರಡೂ ಚಿತ್ರೋತ್ಸವಗಳ ಅತ್ಯುನ್ನತ ಪ್ರಶಸ್ತಿ ಇದಕ್ಕೆ ಸಂದಿತು. ಕಾಲೇಜಿನಲ್ಲಿದ್ದಾಗ ಒಂದು ಫಿಲ್ಮ್ ಸೊಸೈಟಿಯ ಗೋಡೆಗೆ ಕಟ್ಟಿದ ಬಿಳಿ ಪರದೆಯ ಮೇಲೆ ಇದನ್ನು ಮೊದಲು ನೋಡಿದೆ. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಕಥೆ ನಡೆಯುವುದು ದಕ್ಷಿಣ ಅಮೆರಿಕದ ಲಾಸ್ ಪಿಯೆದ್ರಾಸ್ ಎಂಬ ಕಾಲ್ಪನಿಕ ಊರಿನಲ್ಲಿ. ಯಾವ್ಯಾವುದೋ ದೇಶಗಳಿಂದ ಬಂದು ಅಲ್ಲಿ ಸಿಕ್ಕಿಬಿದ್ದ ಗಂಡಸರು ಕೆಲಸವಿಲ್ಲದೆ ಹೋಟೆಲಿನ ಜಗಲಿಯಲ್ಲಿ ಕೊಳೆಯುತ್ತಿರುತ್ತಾರೆ. ಊರು ಬಿಡಲು ವಿಮಾನವೇ ಗತಿ. ಟಿಕೆಟ್ಟಿಗೆ ದುಡ್ಡಿಲ್ಲ. ದುಡ್ಡು ಗಳಿಸೋಣವೆಂದರೆ ಕೆಲಸವಿಲ್ಲ. ಊರಿನ ಮೇಲೆ ಹಿಡಿತವಿರುವುದು ಒಂದು ಅಮೆರಿಕನ್ ತೈಲ ಕಂಪನಿಗೆ. ಸುಮಾರು 500 ಕಿಲೋಮೀಟರ್ ದೂರದ ಅದರ ಬಾವಿಗೆ ಬೆಂಕಿ ಬೀಳುತ್ತದೆ. ಬಾಯಿಯ ಬಳಿಯೇ ಸ್ಫೋಟ ನಡೆಸಿದರೆ ಜ್ವಾಲೆ ಇಂಧನದಿಂದ ಬೇರ್ಪಟ್ಟು ಆರುತ್ತದೆ, ದೀಪವನ್ನು ಊದಿ ಆರಿಸಿದ ಹಾಗೆ. ಅದಕ್ಕೆ ಬೇಕಾದ ನೈಟ್ರೋಗ್ಲಿಸರಿನ್ನನ್ನು ಎರಡು ಮಾಮೂಲಿ ಲಾರಿಗಳಲ್ಲಿ ಹಾಳು ರಸ್ತೆಯ ಮೇಲೆ ಒಯ್ಯಬೇಕು. ತಲುಪಿದವನಿಗೆ 2000 ಡಾಲರ್.

ಚಾಲಕರ ಆಯ್ಕೆಗೆ ಊರಿನ ನಿರುದ್ಯೋಗಿಗಳೆಲ್ಲ ಮುಗಿಬೀಳುತ್ತಾರೆ. ಕಡೆಗೆ ಹೊರಡುವವರು ನಾಲ್ವರು: ಮಾರಿಯೊ, ಜೋ, ಲುಯಿಜಿ, ಬಿಂಬಾ. ಲುಯಿಜಿಯ ಶ್ವಾಸಕೋಶದಲ್ಲಿ ಸಿಮೆಂಟಿನ ಧೂಳು ತುಂಬಿದೆ. ಅಲ್ಲೇ ಕೆಲಸ ಮಾಡುತ್ತಿದ್ದರೆ ಹೆಚ್ಚು ದಿನ ಬದುಕುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಜೋ ಮೊದಲು ಆಯ್ಕೆಯಾದವನೇ ಅಲ್ಲ. ಆಯ್ಕೆಯಾಗಿದ್ದ ಇನ್ನೊಬ್ಬ ಹೊರಡುವ ಹೊತ್ತಿಗೆ ಬರುವುದಿಲ್ಲ, ಬದಲಿಗೆ ಜೋ ಬಂದು ನಿಲ್ಲುತ್ತಾನೆ. ನಡುವೆ ಏನಾಯಿತು ಎಂಬುದನ್ನು ನಿರ್ದೇಶಕ ತೋರಿಸುವುದಿಲ್ಲ. ತೋರಿಸದಿದ್ದುದೇ ಹೆಚ್ಚು ಕಾಡುತ್ತದೆ.

ದಾರಿಯ ಒಂದು ಭಾಗ ಜಿಂಕ್ ಶೀಟಿನ ಹಾಗೆ ಏರಿಳಿತದ ಸಾಲುಗಳಿಂದ ತುಂಬಿದೆ. ಅಲ್ಲಿ ಲಾರಿ ಆಮೆಯಂತೆ ತೆವಳಬೇಕು, ಇಲ್ಲವೇ ಗಂಟೆಗೆ 60 ಕಿಲೋಮೀಟರಿಗೂ ಮೀರಿ ಓಡಬೇಕು. ನಡುವಿನ ಯಾವ ವೇಗವಾದರೂ ಡಬ್ಬಿಗಳು ಕುಲುಕಿ ಸಾವು. ಇದು ಬರಿಯ ಸಿನಿಮಾ ಚಮತ್ಕಾರವಲ್ಲ, ಭೌತಶಾಸ್ತ್ರ. ವೇಗ ಹೆಚ್ಚಿದಾಗ ಚಕ್ರಗಳು ತಗ್ಗಿಗೆ ಇಳಿಯುವಷ್ಟು ಸಮಯ ಸಿಗದೆ ದಿಬ್ಬದಿಂದ ದಿಬ್ಬಕ್ಕೆ ಹಾರುತ್ತವೆ. ಹಳ್ಳಿಯ ಜಲ್ಲಿ ರಸ್ತೆಗಳಲ್ಲಿ ಬಸ್ಸು ಓಡಿಸಿದ ಚಾಲಕರು ಇದನ್ನು ಯಾವ ಪುಸ್ತಕವೂ ಇಲ್ಲದೆ ಬಲ್ಲರು.

ಊರಿನಲ್ಲಿ ಹುಲಿಯಂತೆ ಮೆರೆದ ಜೋ ರಸ್ತೆಗೆ ಬಿದ್ದ ಮೇಲೆ ಹೇಡಿಯಾಗುತ್ತಾನೆ. ಲಾರಿ ನಿಂತರೆ ಸಾಕು, ಇಳಿದು ಓಡಲು ನೋಡುತ್ತಾನೆ. ಅವನನ್ನು ಗುರುವೆಂದು ನಂಬಿದ್ದ ಮಾರಿಯೊ ಹೀಗಳೆಯುತ್ತಾನೆ, ಹೊಡೆಯುತ್ತಾನೆ. ಜೋ ತನ್ನ ಕೆಲಸವನ್ನು ವಿವರಿಸುವ ಮಾತೊಂದಿದೆ: ನೀನು ಓಡಿಸು, ಭಯಪಡುವುದು ನನ್ನ ಪಾಲಿನ ಕೆಲಸ, ಸಂಬಳ ಅದಕ್ಕೂ ಸೇರಿದೆ ಎಂಬರ್ಥದ್ದು. ವರ್ಷವರ್ಷವೂ ವರ್ಗಾವಣೆ ಪತ್ರಗಳಲ್ಲಿ ‘ನಡತೆ: ಉತ್ತಮ’ ಎಂದು ಬರೆಯುವ ನಾನು, ಆ ಎರಡು ಪದಗಳ ಪರೀಕ್ಷೆ ಎಲ್ಲಿ ನಡೆದಿದೆ ಎಂದು ಆಗಾಗ ಯೋಚಿಸುತ್ತೇನೆ. ನಮ್ಮ ಮಕ್ಕಳ ನಡತೆಯನ್ನು ನಾವು ನೋಡಿರುವುದು ಸಾಧಾರಣ ಉಷ್ಣತೆಯಲ್ಲಿ, ಸಾಧಾರಣ ಒತ್ತಡದಲ್ಲಿ.

ಇದನ್ನೆಲ್ಲ ಹೇಳಿ ಮುಗಿಸಿದ ಒಂದು ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ. “ಸಾರ್, ಅವರು ಗೊತ್ತಿದ್ದೇ ಒಪ್ಪಿಕೊಂಡ್ರಲ್ಲ? ಕಂಪನಿ ದುಡ್ಡೂ ಕೊಡ್ತು. ಇದರಲ್ಲಿ ಕಂಪನಿ ತಪ್ಪೇನು?”

ಒಳ್ಳೆಯ ಪ್ರಶ್ನೆ. ಉತ್ತರ ಚಿತ್ರದಲ್ಲೇ ಇದೆ. ಕಂಪನಿಗೆ ಸ್ವಂತ ಕೆಲಸಗಾರರಿದ್ದರು. ಆದರೆ ಈ ಅಲೆಮಾರಿಗಳೇ ಬೇಕೆಂದು ಅಲ್ಲಿನ ಅಧಿಕಾರಿ ಹಟ ಹಿಡಿಯುತ್ತಾನೆ. ಕಾರಣವನ್ನೂ ಮುಚ್ಚಿಡುವುದಿಲ್ಲ: ಇವರಿಗೆ ಸಂಘವಿಲ್ಲ, ಹೆಂಡತಿ ಮಕ್ಕಳಿಲ್ಲ, ಸತ್ತರೆ ಪರಿಹಾರ ಕೇಳಲು ಯಾರೂ ಬರುವುದಿಲ್ಲ. ಹಾಗಾದರೆ 2000 ಡಾಲರ್ ಅಪಾಯದ ಬೆಲೆಯಲ್ಲ. ಬೇರೆ ದಾರಿ ಇಲ್ಲದಿರುವುದರ ಬೆಲೆ. ಎರಡು ಬಾಗಿಲಿದ್ದು ಒಂದನ್ನು ಆರಿಸಿಕೊಂಡರೆ ಅದು ಒಪ್ಪಿಗೆ. ಒಂದೇ ಬಾಗಿಲಿದ್ದಾಗ ಅದನ್ನು ದಾಟುವುದಕ್ಕೆ ಏನೆನ್ನಬೇಕು? ಚಿತ್ರ 1955ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ತೈಲ ಕಂಪನಿಯನ್ನು ಟೀಕಿಸುವ ದೃಶ್ಯಗಳಿಗೆ ಕತ್ತರಿ ಬಿತ್ತು. ಕತ್ತರಿ ಹಾಕಿದವರಿಗೂ ಈ ಪ್ರಶ್ನೆ ಅರ್ಥವಾಗಿತ್ತು ಅನ್ನಿಸುತ್ತದೆ.

ಹುಡುಗ ಕುಳಿತ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬಿಡಲಿಲ್ಲ. “ಹಾಗಾದ್ರೆ ಮಾರಿಯೊ ಮಾಡಿದ್ದೂ ತಪ್ಪಲ್ವಾ ಸಾರ್?”

ಅವಳು ಕೇಳಿದ್ದು ಎಣ್ಣೆಯ ಹೊಂಡದ ದೃಶ್ಯದ ಬಗ್ಗೆ. ಮುಂದಿನ ಲಾರಿ, ಅದರಲ್ಲಿದ್ದ ಲುಯಿಜಿ, ಬಿಂಬಾ ಎಲ್ಲರೂ ಸ್ಫೋಟದಲ್ಲಿ ಇಲ್ಲವಾಗಿದ್ದಾರೆ. (ಆ ಸ್ಫೋಟವನ್ನು ಕ್ಲೂಜೊ ಹತ್ತಿರದಿಂದ ತೋರಿಸುವುದೇ ಇಲ್ಲ. ದೂರದಲ್ಲಿ ಸಿಗರೇಟು ಸುತ್ತುತ್ತಿರುವ ಜೋನ ಕೈಯ ಕಾಗದದಿಂದ ತಂಬಾಕು ಒಮ್ಮೆಲೇ ಹಾರಿಹೋಗುತ್ತದೆ, ಅಷ್ಟೆ.) ಒಡೆದ ಕೊಳವೆಯಿಂದ ಸುರಿದ ಎಣ್ಣೆ ಹೊಂಡವಾಗಿ ನಿಂತಿದೆ. ಜೋ ಅದರೊಳಗೆ ಇಳಿದು ದಾರಿ ತೋರಿಸುತ್ತಿರುವಾಗ ಲಾರಿಯ ಮುಂದೆ ಬೀಳುತ್ತಾನೆ. ನಿಲ್ಲಿಸಿದರೆ ಚಕ್ರ ಹೂತುಹೋಗುತ್ತದೆ, ಇಷ್ಟು ದೂರ ಬಂದದ್ದೆಲ್ಲ ನೀರುಪಾಲು. ಮಾರಿಯೊ ನಿಲ್ಲಿಸುವುದಿಲ್ಲ. ಜೋನ ಕಾಲಿನ ಮೇಲೆ ಚಕ್ರ ಹಾಯಿಸುತ್ತಾನೆ.

ಕಂಪನಿಯ ತಪ್ಪನ್ನು ಹೇಳುವುದು ಸುಲಭ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಬೇರೆ ದಾರಿ ಇಲ್ಲದವನಿಗೆ ಎಲ್ಲವೂ ಮಾಫಿ ಎಂದರೆ, ಮಾರಿಯೊ ಅಧಿಕಾರಿಯ ಲೆಕ್ಕಾಚಾರವನ್ನೇ ತನ್ನ ಸ್ನೇಹಿತನ ಮೇಲೆ ಪ್ರಯೋಗಿಸಿದ್ದಕ್ಕೆ ಏನು ಹೇಳಬೇಕು? ತಪ್ಪು ಎಂದರೆ, ಆ ಸೀಟಿನಲ್ಲಿ ಕುಳಿತಿದ್ದರೆ ನೀವೇನು ಮಾಡುತ್ತಿದ್ದಿರಿ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ನಾನು, ಅದರ ಮುಂದಿನ ದೃಶ್ಯವನ್ನು ನೋಡಿ ನಂತರ ಮಾತನಾಡೋಣ ಎಂದೆ.

ಚಿತ್ರ ಸುಮಾರು ಎರಡೂವರೆ ಗಂಟೆಯದು. ಮೊದಲ ಒಂದು ತಾಸು ಲಾರಿಯೇ ಹೊರಡುವುದಿಲ್ಲ, ಮಕ್ಕಳು ಆಕಳಿಸಿಯಾರು. ಪಿಯುಸಿ ಮುಟ್ಟಿದ ಮಕ್ಕಳಿದ್ದರೆ ತಂದೆತಾಯಿಗಳು ಜೊತೆಗೇ ಕುಳಿತು ನೋಡಬಹುದು, ಚಿಕ್ಕವರಿಗೆ ಬೇಡ. ಕೊನೆ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಆ ಮುಂದಿನ ದೃಶ್ಯವನ್ನು ಮಾತ್ರ ಹೇಳುತ್ತೇನೆ. ರಾತ್ರಿ, ಲಾರಿ ಮತ್ತೆ ಚಲಿಸುತ್ತಿದೆ. ಮೈಯೆಲ್ಲ ಎಣ್ಣೆಯಾದ ಜೋ ಸಾಯುತ್ತ ಮಾರಿಯೊಗೆ ಒರಗಿದ್ದಾನೆ. ಮಾರಿಯೊ ಒಂದು ಕೈಯಲ್ಲಿ ಲಾರಿ ಓಡಿಸುತ್ತ, ಇನ್ನೊಂದರಲ್ಲಿ ಅವನನ್ನು ಹಿಡಿದುಕೊಂಡು, ಇಬ್ಬರೂ ಬಲ್ಲ ಪ್ಯಾರಿಸಿನ ಒಂದು ಬೀದಿಯ ಬಗ್ಗೆ ಮಾತನಾಡಿಸುತ್ತಿದ್ದಾನೆ, ಅವನು ಕಣ್ಣು ಮುಚ್ಚದಿರಲಿ ಎಂದು.