ಮೈಸೂರಿನ ಮಾತಿಲ್ಲದ ನುಡಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಾಡಗಿತ್ತಿಯು ತಲೆಯನ್ನು ಪಕ್ಕಕ್ಕೆ ತೂಗಿದರೆ, ಪರದೇಶದವರು ‘ಇಲ್ಲ’ವೆಂದು ತಿಳಿದು ಮುಂದೆ ನಡೆಯುವುದನ್ನು ನಾವು ಕಂಡಿರುವೆವು, ಅದಾದರೋ ‘ಆಗಲಿ’ ಎಂಬ ಒಪ್ಪಿಗೆ. ನಗುವೂ ಅಳುವೂ ಹುಟ್ಟಿನೊಡನೆ ಬರುವುವು. ತಲೆದೂಗುವ ಬಗೆಯನ್ನು ಮಕ್ಕಳು ಹಿರಿಯರನ್ನು ನೋಡಿ ಕಲಿಯುವರು.

ಮೌನದ ಈ ಭಾಷೆಯನ್ನು ನಗರವು ಅರಮನೆಯ ಆಶ್ರಯದಲ್ಲಿ ವಿದ್ಯೆಯಾಗಿಯೂ ಬೆಳೆಸಿತು. ಆಸ್ಥಾನ ನರ್ತಕಿ ಜಟ್ಟಿ ತಾಯಮ್ಮನವರು (1857–1947) ಅಭಿನಯಕ್ಕೆ ಹೆಸರಾಗಿದ್ದರು. ಬಾಲ್ಯದಿಂದ ಅವರಲ್ಲಿ ಕಲಿತ ಕೆ. ವೆಂಕಟಲಕ್ಷಮ್ಮನವರು 1965ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಾಟ್ಯವನ್ನು ಬೋಧಿಸಿದರು, 2002ರಲ್ಲಿ ದಿವಂಗತರಾದರು. ಹಸ್ತಮುದ್ರೆಯ ಹೆಸರನ್ನು ಪುಸ್ತಕವು ಉಳಿಸೀತು. ಕಣ್ಣು ಹುಬ್ಬುಗಳ ನುಡಿಯನ್ನು ಗುರುಮುಖದಿಂದಲೇ ಕಲಿಯಬೇಕು. ಶಿಷ್ಯಪರಂಪರೆಯು ಕಡಿದರೆ ಅದು ಮೂಕವಾಗುವುದು.