ಮೂವತ್ತೊಂಬತ್ತು ಅಂಕಿ

3-6-2025, ಮಂಗಳವಾರ
ಬಹಳ ದಿನದ ಆಸೆ, ಇಂದು ಪೂರ್ತಿ ಬರೆದೆ:
170141183460469231731687303715884105727

2ರ 127ನೇ ಘಾತದಿಂದ ಒಂದು ಕಳೆದರೆ ಬರುವುದು ಇದು. ನಮ್ಮ ರೀತಿಯಲ್ಲಿ ಓದಿದರೆ 1701 ಕೋಟಿ ಕೋಟಿ ಕೋಟಿ ಕೋಟಿ ಕೋಟಿ, ಮೇಲೊಂದಿಷ್ಟು ಚಿಲ್ಲರೆ. ದ್ವಿಮಾನ ಪದ್ಧತಿಯಲ್ಲಾದರೆ ಬರೀ 127 ಒಂದುಗಳು, ನಡುವೆ ಒಂದೇ ಒಂದು ಸೊನ್ನೆಯೂ ಇಲ್ಲ. ಇದು ಅವಿಭಾಜ್ಯ ಎಂದು 1876ರಲ್ಲಿ ಫ್ರಾನ್ಸಿನ ಎದುವಾರ್ ಲೂಕಾ ಕೈಲೆಕ್ಕದಲ್ಲೇ ತೋರಿಸಿದ. 1951ರವರೆಗೆ ಇದಕ್ಕಿಂತ ದೊಡ್ಡದು ಯಾರಿಗೂ ಸಿಗಲಿಲ್ಲ.

5-6-2025, ಗುರುವಾರ
ಭಾಗಿಸಿ ಭಾಗಿಸಿ ನೋಡುತ್ತ ಹೋಗಿದ್ದರೆ ಇಪ್ಪತ್ತು ಅಂಕಿಯ ಭಾಜಕಗಳವರೆಗೂ ಹೋಗಬೇಕಿತ್ತು. ಏಳು ಜನ್ಮ ಸಾಲದು. ಲೂಕಾ ಭಾಗಿಸುವ ಗೋಜಿಗೇ ಹೋಗಲಿಲ್ಲ. 3ರಿಂದ ಹೊರಡು, ವರ್ಗ ಮಾಡಿ 2 ಕಳೆ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೋ, ಮತ್ತೆ ವರ್ಗ. 125ನೇ ಸುತ್ತಿಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ.

ಚಿಕ್ಕ ತಮ್ಮ 127ರ (2ರ 7ನೇ ಘಾತ, ಕಳೆ ಒಂದು) ಮೇಲೆ ನಾನೇ ಮಾಡಿದೆ: 3, 7, 47, 48, 16, ಆಮೇಲೆ ಸೊನ್ನೆ. 16ರ ವರ್ಗ 256, ಎರಡು ಕಳೆದರೆ 254, ಅಂದರೆ ಎರಡು ಸಲ 127. ಐದೇ ಸುತ್ತು! ಘಾತವನ್ನು 4ರಿಂದ ಭಾಗಿಸಿದಾಗ 3 ಉಳಿದರೆ ಮಾತ್ರ ಈ ಮೂರರ ಆರಂಭ ನಡೆಯುತ್ತದೆ. ಆ ಕಟ್ಟನ್ನು ಮುಂದೆ ಗಣಿತಜ್ಞ ಲೆಮರ್ ಬಿಡಿಸಿದ; ಅವನ ಸಾಲು 4ರಿಂದ ಹೊರಡುತ್ತದೆ.

8-6-2025, ಭಾನುವಾರ
ಇಂಥ ಅವಿಭಾಜ್ಯ ಕೊಡುವ ಘಾತಗಳ 1644ರ ಪಟ್ಟಿಯಲ್ಲಿ ಮರ್ಸೆನ್ ಪಾದ್ರಿ 127ರ ಜೊತೆ 67ನ್ನೂ ಸೇರಿಸಿದ್ದ. 67ರದು ಅವಿಭಾಜ್ಯವಲ್ಲ ಎಂದದ್ದೂ ಲೂಕಾನೇ, ಅದೇ 1876ರಲ್ಲಿ. ಆದರೆ ಒಂದು ಭಾಜಕವನ್ನೂ ಅವನು ತೋರಿಸಲಿಲ್ಲ, ತೋರಿಸುವ ಅಗತ್ಯವೂ ಇರಲಿಲ್ಲ. ಸಂಖ್ಯೆ ಒಡೆಯುತ್ತದೆ ಎಂಬುದು ಖಚಿತ, ಎಲ್ಲಿ ಒಡೆಯುತ್ತದೆ ಎಂಬುದು ಮಾತ್ರ ಕತ್ತಲು. 1903ರಲ್ಲಿ ಅಮೆರಿಕದ ಕೋಲ್ ಹುಡುಕಿಕೊಟ್ಟ: 193707721 × 761838257287. ಕೋಲ್‌ನ ತಾಳ್ಮೆಗೆ ಕೈಮುಗಿಯುತ್ತೇನೆ. ಆದರೂ ನನ್ನ ಮನಸ್ಸು ವಾಲುವುದು ಆ ಇಪ್ಪತ್ತೇಳು ವರ್ಷಗಳ ಕಡೆಗೆ, ಉತ್ತರ ಗೊತ್ತಿದ್ದೂ ಸಾಕ್ಷಿ ಸಿಗದಿದ್ದ ಕಾಲದ ಕಡೆಗೆ.

12-6-2025, ಗುರುವಾರ
2024ರಲ್ಲಿ ಸಿಕ್ಕ ದಾಖಲೆ ಅವಿಭಾಜ್ಯಕ್ಕೆ 4,10,24,320 ಅಂಕಿ. ಇರಲಿ, ಅದನ್ನು ನಾನು ಬರೆದುಕೊಳ್ಳಲಾರೆ, ಮೋಹವೂ ಹುಟ್ಟಲಿಲ್ಲ. ಲೂಕಾನ ಸಂಖ್ಯೆಯ ಸರಪಳಿಯೇ ನಿದ್ದೆ ಕೆಡಿಸಿದೆ. 2ಕ್ಕೆ 2ನ್ನೇ ಘಾತವಾಗಿಟ್ಟು ಒಂದು ಕಳೆದರೆ 3, 3ನ್ನಿಟ್ಟರೆ 7, 7ನ್ನಿಟ್ಟರೆ 127, ಅದನ್ನಿಟ್ಟರೆ ಈ ಮಹಾಶಯ. ಎಲ್ಲವೂ ಅವಿಭಾಜ್ಯ. ಮುಂದಿನದು? ಯಾರಿಗೂ ತಿಳಿಯದು. ಸುತ್ತುಗಳ ಎಣಿಕೆಯೇ 39 ಅಂಕಿಯಷ್ಟಾಗುವುದರಿಂದ ಲೂಕಾನ ಉಪಾಯವೂ ಇಲ್ಲಿ ನಡೆಯದು. ಉಳಿದದ್ದು ಭಾಜಕ ಹುಡುಕುವ ಹಳೇ ದಾರಿಯೊಂದೇ. ಭಾಜಕವೊಂದು ಇದ್ದರೆ ಅದು ಲೂಕಾನ ಸಂಖ್ಯೆಯ ಯಾವುದೋ ಸಮ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಲೇಬೇಕು. ಕೆಲಸವಿಲ್ಲದ ಬಡಗಿಯ ಗಾದೆ ನೆನಪಾದರೂ ಮೊದಲ ಅಭ್ಯರ್ಥಿಯನ್ನು, ಅಂದರೆ ಎರಡರಷ್ಟಕ್ಕೆ ಒಂದು ಸೇರಿಸಿ, ಬರೆದು ನೋಡಿದೆ. ಕೊನೆಯ ಅಂಕಿ 5. ಅದಂತೂ ಅಲ್ಲ.