ಬೆಲ್ಲ ಬೆರಸದ ಮಾದಲಿ

ಹ್ವಾದ ವರ್ಷ ದೀಪಾವಳಿ ಸೂಟಿಗೆ ಮಗಳು ಮಂಗಳೂರಿಂದ ಬಂದ್ಲು. ಮಾಸಿದ ಅರಬಿ ತಗಿ, ಒಗಿಯಾಕ ಹಾಕೂಣು ಅಂತ ನಾನ ಅಕಿ ಬ್ಯಾಗ ಬಿಚ್ಚಿದೆ. ತಳದಾಗ ನಮ್ಮನಿ ಎರಡ ಕಿಲೋ ಸ್ಟೀಲ್ ಡಬ್ಬಿ. ಒಂದ ಪ್ಲಾಸ್ಟಿಕ್ ಚೀಲದಾಗ ಸುತ್ತಿ, ಅದರ ಮ್ಯಾಲ ಇನ್ನೊಂದ ಚೀಲ ಸುತ್ತಿ, ಗಂಟ ಹಾಕಿ ಇಟ್ಟಿದ್ಲು. "ಏನ ಬೇ ಇದು?" ಅಂದೆ. "ಅದನ್ನ ಬಿಡವ್ವ, ನಾ ತೊಳಿತೇನಿ" ಅಂತ ಕಸಗೊಳ್ಳಾಕ ಬಂದ್ಲು. ಅಷ್ಟರಾಗ ನಾ ಮುಚ್ಚಳಾ ತಗದ ಬಿಟ್ಟಿದ್ದೆ.

ಮಳಿಗಾಲದಾಗ ನಾ ಕಳಿಸಿದ್ದ ಮಾದಲಿ. ಅರ್ಧಕ್ಕಿಂತ ಹೆಚ್ಚ ಹಂಗ ಇತ್ತು. ಹೆಂಟಿ ಹೆಂಟಿ ಆಗಿ, ಮ್ಯಾಲ ಬೆಳ್ಳಗ, ಡಬ್ಬಿ ಅಂಚಿಗೆ ಹಸರಗ ಬೂಸರ ಬಂದು, ಕೊಬ್ಬರಿ ಕಮಟ ವಾಸನಿ ಮೂಗಿಗೆ ಬಡೀತು. ಹೋಗಿ ಮುಟ್ಟಿದ ಹದಿನೈದ ದಿನಕ್ಕ ಕೆಟ್ಟಿತ್ತಂತ. ಫೋನಿನ್ಯಾಗ ಮಾತ್ರ "ಭಾಳ ಛೊಲೊ ಆಗೇತಿ ಅವ್ವ, ದಿನಾ ರಾತ್ರಿ ಹಾಲಾಗ ಹಾಕ್ಕೊಂಡ ತಿಂತೇನಿ" ಅಂತಿದ್ಲು.

"ಕೆಟ್ಟಿದ್ದ ಒಗದ ಡಬ್ಬಿ ತೊಳದ ಇಡಬೇಕಿಲ್ಲೇನ ತಂಗಿ?" ಅಂದೆ.

"ಒಗಿಯಾಕ ಮನಸ ಬರಲಿಲ್ಲ" ಅಂದ್ಲು. ಅಷ್ಟ ಅಂದಕಿ ಹಿತ್ತಲಕ್ಕ ಹ್ವಾದ್ಲು. ನಾನೂ ಹಿಂದ ಹೋಗಲಿಲ್ಲ.

ಓದಾಕ ಹೋದ ಮೊದಲನೇ ಎರಡ ತಿಂಗಳ ಅಕಿ ಎಷ್ಟ ಅತ್ತಾಳಂತ ನಿಮಗ ಗೊತ್ತೈತಿ. ಓಣ್ಯಾಗ ಎಲ್ಲಾರೂ ಕೇಳಾವ್ರು. ಅಲ್ಲಿ ಮಳಿ ಅಂದ್ರ ನಮ್ಮ ಕಡಿ ಮಳಿ ಅಲ್ಲ, ಹತ್ತಿದ್ರ ಬಿಡೂದ ಇಲ್ಲ. ಮೂರೂ ಹೊತ್ತ ಅನ್ನ, ಅದೂ ದಪ್ಪ ಕುಚಲಕ್ಕಿ ಅನ್ನ, ಎಲ್ಲಾದಕ್ಕೂ ಕೊಬ್ಬರಿ ಎಣ್ಣಿ ವಾಸನಿ. ರೊಟ್ಟಿ ಕಣ್ಣಿಗೆ ಬೀಳಾಂಗಿಲ್ಲ. ಇವರು ಎರಡ ಸಲ "ಕರಕೊಂಡ ಬರತೇನಿ, ಶಿಗ್ಗಾಂವಿ ಕಾಲೇಜಿಗೆ ಹಾಕೂಣು" ಅಂತ ಬಸ್ಸಿಗೆ ತಯಾರಾಗಿದ್ರು. ಬ್ಯಾಡ ಅಂತ ತಡದಾಕಿ ನಾನು. ಪಿಯುಸಿ ಮುಗಸಿ ಮದಿವಿ ಆದಾಕಿ ನಾನು, ಇನ್ನೊಂದ ವರ್ಷ ತಡಕೊಂಡಿದ್ರ ಅನ್ನೂದು ಇವತ್ತಿಗೂ ಒಮ್ಮೊಮ್ಮೆ ಬರತೈತಿ. ಆ ಮಾತ ಹೇಳಾಕ ಬರಲಿಲ್ಲ, ಅದಕ್ಕ ಮಾದಲಿ ಮಾಡಿ ಕಳಿಸಿದೆ. ಕಳಿಸಿದ್ದ ನೋಡಿದ್ರ ಹಿಂಗ.

ಮಾದಲಿ ಮಾಡೂದು ನಿಮಗ ನಾ ಏನ ಹೇಳಿಕೊಡೂದು! ಬಸವ ಜಯಂತಿ, ಜಾತ್ರಿ, ಮದಿವಿ ಅಂದ್ರ ಮಾದಲಿ ಇಲ್ಲದ ಪಂಕ್ತಿ ಏಳೂದಿಲ್ಲ. ಆದರ ಹೊಸದಾಗಿ ಬಂದ ಸೊಸ್ತ್ಯಾರು ಅಳತಿ ಕೇಳತಾರ, "ಅಂದಾಜ ಹಾಕ್ರಿ" ಅಂದ್ರ ಮಾರಿ ಸಣ್ಣದ ಮಾಡತಾರ. ನಮ್ಮನ್ಯಾಗಿನ ಲೆಕ್ಕ ಹಿಂಗ ಐತಿ. ಒಂದ ಕಿಲೋ ಗೋದಿಗೆ ಪಾವ ಕಿಲೋ ಕಡ್ಲಿಬ್ಯಾಳಿ, ಅದರ ಅರ್ಧ ಅಕ್ಕಿ. ಮೂರನೂ ಬ್ಯಾರೆ ಬ್ಯಾರೆ ಹುರದ, ಆರಿದ ಮ್ಯಾಲ ಕೂಡಿಸಿ ಗಿರಣಿಗೆ ಕೊಡೂದು. ರವಾಕ್ಕಿಂತ ಸಣ್ಣ, ಚಪಾತಿ ಹಿಟ್ಟಿಗಿಂತ ದಪ್ಪ ಇರಬೇಕು. ಗಿರಣಿಯವರಿಗೆ "ಮಾದಲಿ ಹಿಟ್ಟು" ಅಂದ್ರ ಸಾಕು. ಬಿಸಿನೀರಾಗ ಗಟ್ಟಿ ನಾದಿ, ಅರ್ಧ ತಾಸ ಮುಚ್ಚಿ ಇಟ್ಟು, ದಪ್ಪ ಚಪಾತಿ ಲಟ್ಟಸಿ, ಎಣ್ಣಿ ಹಚ್ಚಲಾರದ ಸಣ್ಣ ಉರಿ ಮ್ಯಾಲ ಬೇಯಿಸೂದು. ಬಿಸಿ ಇದ್ದಾಗ ಮುರದು, ಕುಟ್ಟಿ, ಸಾಣಿಸಿ, ಮುಕ್ಕಾಲ ಕಿಲೋ ಬೆಲ್ಲ, ಒಂದ ಬಟ್ಟಲ ಹೆರದ ಒಣಕೊಬ್ಬರಿ, ಒಂದ ವಾಟಗಾ ಪುಟಾಣಿ, ಎರಡ ಚಮಚ ಹುರದ ಗಸಗಸಿ, ಹತ್ತ ಯಾಲಕ್ಕಿ, ಬೆರಳ ಗೆಣ್ಣಿನಷ್ಟ ಒಣಶುಂಠಿ, ಚೂರ ಜಾಜಿಕಾಯಿ. ಬಡೆಸೋಪು ಹಾಕಾವರು ಹಾಕತಾರ, ನಮ್ಮತ್ತಿಗೆ ಸೇರೂದಿಲ್ಲ.

ಮನಿ ಊಟಕ್ಕ ಇದರಾಗ ಏನೂ ತಪ್ಪಿಲ್ಲ. ಪಂಕ್ತಿಗೆ ಮಾಡಿದ್ದು ಎರಡ ದಿನದಾಗ ಖಾಲಿ. ಬ್ಯಾಸಗಿ ಆದ್ರ ನಮ್ಮೂರಾಗ ತಿಂಗಳತನಕಾನೂ ಇರತೈತಿ. ಮಂಗಳೂರ ಮಳಿಗೆ ಅದು ತಡಿಯಾಂಗಿಲ್ಲ ಅನ್ನೂದು ನನಗ ತಲ್ಯಾಗ ಬರಲೇ ಇಲ್ಲ.

ಹಬ್ಬ ಆದ ಮ್ಯಾಲ ಒಂದ ಮಧ್ಯಾಹ್ನ ಅಡಗಿ ಮನ್ಯಾಗ ಮಗಳು ಒಂದ ಸುದ್ದಿ ಹೇಳಿದ್ಲು. ಅಕಿ ರೂಮಿನ್ಯಾಗ ಕಾಸರಗೋಡ ಕಡಿ ಹುಡುಗಿ ಅದಾಳ. ಕನ್ನಡದಾಕಿನ, ಆದರ ಅಕಿ ಕನ್ನಡ ನಮ್ಮಕಿಗೆ ಅರ್ಧ, ನಮ್ಮಕಿ ಕನ್ನಡ ಅಕಿಗೆ ಅರ್ಧ ತಿಳಿತೈತಿ. ಆ ಹುಡುಗಿ ಅವ್ವ ಒಂದ ಗಾಜಿನ ಭರಣಿ ತುಂಬ ಬ್ರೌನಿ ಪುಡಿ ಮಾಡಿ ಕಳಸತಾರಂತ. ಬ್ರೌನಿ ಅಂದ್ರ ಕೇಕಿನ ಜಾತಿ, ಕರ್ರಗ ಇರತೈತಿ. ಪುಡಿ ಅಂದ್ರ ಮೈದಾ, ಕೋಕೋ, ಬೀಸಿದ ಸಕ್ರಿ, ಚಿಟಿಕಿ ಬೇಕಿಂಗ್ ಪೌಡರ್, ಚಿಟಿಕಿ ಉಪ್ಪು. ಎಲ್ಲಾ ಒಣಾ. ಬೇಕಾದಾಗ ಚಾ ಕುಡಿಯೂ ಕಪ್ಪಿನ್ಯಾಗ ನಾಕ ಚಮಚ ಪುಡಿ, ಮೂರ ಚಮಚ ಹಾಲು, ಒಂದ ಚಮಚ ಎಣ್ಣಿ ಹಾಕಿ ಕಲಸಿ, ಮೆಸ್ಸಿನ ಮೈಕ್ರೋವೇವ್ ದಾಗ ಒಂದ ನಿಮಿಷ ಇಟ್ರ ಆತು. ತತ್ತಿ ಬ್ಯಾಡ. "ಮೂರ ತಿಂಗಳಾದ್ರೂ ಅಕಿ ಭರಣಿ ಕೆಡಲಿಲ್ಲ ಅವ್ವ, ನಂದು ಕೆಟ್ಟಿತು" ಅಂದ್ಲು. ಅದರಾಗ ಸ್ವಲ್ಪ ನನ್ನ ಮ್ಯಾಲಿನ ಸಿಟ್ಟೂ ಇತ್ತು ಅನಸತೈತಿ.

ಯಾಕ ಕೆಡಲಿಲ್ಲ ಅಂತ ರಾತ್ರಿ ಮಲಗಿದಾಗ ವಿಚಾರ ಮಾಡಿದೆ. ಆ ತಾಯಿ ಹಸಿ ಇದ್ದದ್ದು ಒಂದೂ ಭರಣ್ಯಾಗ ಹಾಕಿಲ್ಲ. ಹಾಲು ಎಣ್ಣಿ ತಿನ್ನೂ ಹೊತ್ತಿಗೆ. ನಾ ಮಾಡಿದ್ದ ಮೂರ ತಪ್ಪು. ಮೊದಲನೇದು ಬೆಲ್ಲ. ಬೆಲ್ಲಕ್ಕ ಹವಾದಾಗಿನ ಪಸಿ ಎಳಕೊಳ್ಳೂ ಗುಣ ಐತಿ, ಮಳಿಗಾಲದಾಗ ಡಬ್ಬ್ಯಾಗಿನ ಬೆಲ್ಲ ನೀರ ಬಿಡೂದ ನಾವೆಲ್ಲಾ ನೋಡೇವಿ. ಆ ಪಸಿ ಹಿಟ್ಟಿಗೆ ಹತ್ತತು. ಎರಡನೇದು ಕೊಬ್ಬರಿ. ಅದರಾಗಿನ ಎಣ್ಣಿ ದಿನಾ ಹೋದಂಗ ಕಮಟ ಆಗೂದ. ಮೂರನೇದು ನನ್ನ ಅವಸರ. ದಪ್ಪ ಚಪಾತಿ ಮ್ಯಾಲ ಒಣಗಿದಂಗ ಕಂಡ್ರೂ ನಡುವ ಮೆತ್ತಗಿರತೈತಿ. ರಾತ್ರಿ ಬಸ್ಸಿಗೆ ಕೊಟ್ಟ ಕಳಸಬೇಕಂತ ಬೆಚ್ಚಗ ಇದ್ದಾಗನ ಡಬ್ಬಿಗೆ ತುಂಬಿ ಮುಚ್ಚಳಾ ಬಡದಿದ್ದೆ. ಒಳಗ ಉಗಿ ಹನಿ ಆಗಿ ಮುಚ್ಚಳಕ್ಕ ಕುಂತಿರತೈತಿ. ಬೂಸರ ಬರಾಕ ಇನ್ನೇನ ಬೇಕು?

ಮಗಳ ಹೋದ ಮ್ಯಾಲ ಮತ್ತ ಮಾಡಿದೆ, ಪಾವ ಕಿಲೋದ ಲೆಕ್ಕದಾಗ. ಚಪಾತಿ ಈ ಸಲ ಸ್ವಲ್ಪ ತೆಳ್ಳಗ ಲಟ್ಟಸಿದೆ. ಬೇಯಿಸಿ, ಮುರದು, ಮಾಳಿಗಿ ಮ್ಯಾಲ ಬಿಳೇ ಅರಬಿ ಹಾಸಿ ಒಂದ ದಿನಾ ಬಿಸಲಿಗೆ ಇಟ್ಟೆ. ತುಂಡ ಕೈಯಾಗ ಕಟ್ ಅಂತ ಮುರಿಬೇಕು, ಬಾಗಿದ್ರ ಇನ್ನೂ ಪಸಿ ಐತಿ ಅಂತ. ಆಮ್ಯಾಲ ಮಿಕ್ಸಿಗೆ ಹಾಕಿ ಸಾಣಿಸಿ, ಆ ಪುಡೀನ ಮತ್ತೊಮ್ಮೆ ದಪ್ಪ ತಳದ ಬುಟ್ಟ್ಯಾಗ ಸಣ್ಣ ಉರಿ ಮ್ಯಾಲ ಹತ್ತ ನಿಮಿಷ ಕೈ ಆಡಿಸಿದೆ. ಬಣ್ಣ ಬದಲಾಗಬಾರದು, ಬಿಸಿ ಆದ್ರ ಸಾಕು. ಅಗಲ ಪರಾತದಾಗ ಹರವಿ ಪೂರ್ತಿ ಆರೂತನಕ ಡಬ್ಬಿ ಕಡಿ ನೋಡಲಿಲ್ಲ. ಪುಟಾಣಿ, ಗಸಗಸಿ, ಯಾಲಕ್ಕಿ, ಶುಂಠಿ ಇದರಾಗ ಕೂಡಿಸಿದೆ, ಅವು ಒಣಾ ಇರೂವ.

ಇನ್ನ ಮಂಗಳೂರ ಹವಾ ನಮ್ಮೂರಾಗ ಎಲ್ಲಿಂದ ತರೂದು? ಎರಡ ಸಣ್ಣ ಬಾಟ್ಲಿ ತಗೊಂಡು ಒಂದರಾಗ ಬೆಲ್ಲ ಕೊಬ್ಬರಿ ಕೂಡಿಸಿದ ಮಾದಲಿ, ಇನ್ನೊಂದರಾಗ ಬರೇ ಪುಡಿ ತುಂಬಿ, ಬಚ್ಚಲ ಮನಿ ಹೊರಗಿನ ಗೂಡಿನ್ಯಾಗ ಇಟ್ಟೆ. ಮುಂಜಾನೆ ನೀರ ಕಾಸಿದಾಗ ಉಗಿ ಎಲ್ಲಾ ಅಲ್ಲೇ ಬರತೈತಿ. ದಿನಾ ಒಮ್ಮೆ ಮುಚ್ಚಳಾ ತಗದ ಹಾಕೂದು, ಹುಡುಗ್ಯಾರು ತಗದ ಹಾಕಿದಂಗ. ನಮ್ಮತ್ತಿ ನೋಡಿ "ತಿನ್ನೂದ ಬಚ್ಚಲದಾಗ ಇಡತಾರೇನವ್ವ, ನಿನಗ ಏನ ಬಂದೈತಿ" ಅಂತ ಬೈದ್ರು. ಮೂರ ವಾರಕ್ಕ ತಗದ ನೋಡಿದ್ರ ಬೆಲ್ಲ ಕೂಡಿಸಿದ್ದರಾಗ ಚಮಚ ನಟ್ಟಗ ನಿಂತಿತು, ವಾಸನಿ ಸುರು ಆಗಿತ್ತು. ಬರೇ ಪುಡಿ ಮಾತ್ರ ಬಾಟ್ಲಿ ಬಗ್ಗಿಸಿದ್ರ ಉಸುಕಿನಂಗ ಸುರೀತು.

ಅತ್ತ್ಯಾರಿಗೆ ತೋರಿಸಿದೆ. ಅವರು ಬೆರಳಿಗೆ ಹಚ್ಚಿ ನೆಕ್ಕಿ, "ಇದು ಮಾದಲಿ ಅಲ್ಲ, ಬರೇ ಹಿಟ್ಟು" ಅಂದ್ರು. "ಬೆಲ್ಲ ಹಾಕಲಾರದ ಡಬ್ಬಿ ಕಟ್ಟಿ ಹೆಣ್ಣ ಹುಡುಗಿಗೆ ಕಳಸತೀ? ನೋಡಿದಾವ್ರು ಏನ ಅಂದಾರು?" ಅವರ ಮಾತಿನ್ಯಾಗ ಸುಳ್ಳಿಲ್ಲ. ಬೆಲ್ಲ ಪುಡಿ ಕೂಡಿ ಎರಡ ದಿನಾ ಇದ್ರ ಒಂದ ರುಚಿ ಬರತೈತಿ, ತಿನ್ನೂ ಹೊತ್ತಿಗೆ ಕಲಸಿದ್ರ ಅದು ಬರೂದಿಲ್ಲ. ಅದನ್ನ ನಾ ಒಪ್ಪತೇನಿ. ಆದರ ಬೂಸರ ತಿನ್ನೂದಕಿಂತ ಇದು ಪಾಡ ಅಲ್ಲೇನ್ರಿ? ಅತ್ತ್ಯಾರ ಕೂಡ ವಾದ ಮಾಡಲಿಲ್ಲ. ಅವರ ಕೈಯಿಂದನ ಬೆಲ್ಲ ಹೆರಸಿ, ಬ್ಯಾರೆ ಬಾಟ್ಲಿಗೆ ತುಂಬಿಸಿದೆ. ಬೆಲ್ಲ ಅವರ ಕೈಯಾಗಿಂದ ಹ್ವಾತು ಅಂದ ಕೂಡಲೇ ಸಿಟ್ಟ ಇಳೀತು. ಅದಕ್ಕ ಗಟ್ಟಿ, ಒಣಾ ಬೆಲ್ಲಾನ ಆರಸಬೇಕು, ಮೆತ್ತಂದು ಬ್ಯಾಡ. ಕೊಬ್ಬರಿ ಸಣ್ಣ ಪಾಕೀಟದಾಗ ಸ್ವಲ್ಪನ ಕಳಿಸಿದೆ, ಎರಡ ವಾರದಾಗ ಮುಗಸು ಅಂತ ಹೇಳಿ.

ಡಬ್ಬಿ ಮ್ಯಾಲ ಚೀಟಿ ಅಂಟಿಸಿದೆ: ನಾಕ ಚಮಚ ಪುಡಿ, ಎರಡ ಚಮಚ ಬೆಲ್ಲ, ಅರ್ಧ ಚಮಚ ಕೊಬ್ಬರಿ, ಬಿಸಿ ಹಾಲು, ತುಪ್ಪ ಇದ್ರ ಒಂದ ಚಮಚ. ಒಣಾ ಚಮಚ ಅಂತ ಎರಡ ಗೆರಿ ಎಳದ ಬರದೆ. ನಡುವ ಒಂದ ಮಾತು, ಸಕ್ರಿ ಬ್ಯಾನಿ ಇದ್ದಾವ್ರು ಬೆಲ್ಲ ಇಲ್ಲ ಅಂತ ಗಂಗಾಳ ತುಂಬ ಹಾಕ್ಕೊಂಡ ಕೂಡಬ್ಯಾಡ್ರಿ. ಗೋದಿನೂ ಒಳಗ ಹೋಗಿ ಸಕ್ರಿನ ಆಗೂದು. ನಮ್ಮ ಮಾವನವರಿಗೂ ಇದನ್ನ ಹೇಳಿ ಸಾಕಾಗೇತಿ.

ಈ ಚೀಟಿ ನೋಡಿ ಇವರು ನಕ್ಕರು. "ಜಾನಪದ ವಿಶ್ವವಿದ್ಯಾಲಯ ಊರಾಗ ಐತಿ, ಹೋಗಿ ಮಾದಲಿ ಮ್ಯಾಲ ಡಾಕ್ಟರೇಟ್ ಮಾಡು" ಅಂದ್ರು. ನಗಲಿ. 2011ರಾಗ ವಿಶ್ವವಿದ್ಯಾಲಯ ಆದಾಗಿಂದ ಹೊರಗಿನ ಮಂದಿ ಗೊಟಗೋಡಿಗೆ ಬಂದು ಹಾಡು, ಕುಣಿತ, ಹಳೇ ಸಾಮಾನು ಎಲ್ಲಾ ಬರಕೊಂಡ ಹೋಗತಾರ. ರಾಕ್ ಗಾರ್ಡನ್ ನೋಡಾಕ ಬಂದಾವ್ರು ಹಳ್ಳಿ ಮನಿ ಗೊಂಬಿ ಮುಂದ ನಿಂತ ಫೋಟೋ ತಗಸಗೊಳ್ಳತಾರ. ಬಿಸಿ ಮಾದಲಿ ಡಬ್ಬಿಗೆ ತುಂಬಬ್ಯಾಡ್ರಿ ಅನ್ನೂ ಮಾತ ಯಾರೂ ಬರಕೊಂಡಿಲ್ಲ, ಅದಕ್ಕ ನಾನ ಬರದ ಇಟ್ಟೆ.

ಚಳಿಗಾಲದಾಗ ಕಳಿಸಿದ್ದು ಕೆಡಲಿಲ್ಲ, ಅದು ದೊಡ್ಡ ಮಾತಲ್ಲ, ಆವಾಗ ಮಳಿನ ಇರಲಿಲ್ಲ. ನನಗ ಜೀವ ಬಡಕೊಂಡಿದ್ದು ಈ ಜೂನಿಗೆ. ಮಳಿ ಸುರು ಆಗೂ ಮೊದಲ ಒಂದ ಕಿಲೋ ಪುಡಿ ಕಳಿಸಿದೆ. ಈ ಸಲ ಫೋನಿನ್ಯಾಗ "ಛೊಲೊ ಐತಿ" ಅಂದ್ರ ನಂಬಲಿಲ್ಲ. "ಮುಚ್ಚಳಾ ತಗದ ತೋರಿಸು" ಅಂದೆ. ವಿಡಿಯೋದಾಗ ಡಬ್ಬಿ ಬಗ್ಗಿಸಿ ತೋರಿಸಿದ್ಲು. ಪುಡಿ ಸುರೀತು. "ಈಗ ಖರೇ ಹೇಳ ತಂಗಿ, ಕೆಟ್ರ ಕೆಟ್ಟೈತಿ ಅನ್ನು. ನಾ ಇನ್ನೊಮ್ಮೆ ಮಾಡತೇನಿ. ನೀ ಅಲ್ಲಿ ಹೆಂಗದಿ ಅನ್ನೂದೂ ಖರೇನ ಹೇಳು" ಅಂದೆ. ಆಕಡಿಯಿಂದ ಸ್ವಲ್ಪ ಹೊತ್ತ ಮಾತಿಲ್ಲ. ಆಮ್ಯಾಲ, "ಹ್ವಾದ ವರ್ಷ ನಾ ಛೊಲೊ ಇರಲಿಲ್ಲ ಅವ್ವ. ಅಂದಿದ್ರ ಅಪ್ಪ ಬಂದ ಕರಕೊಂಡ ಹೋಗತಿದ್ರು, ಅದಕ್ಕ ಅನಲಿಲ್ಲ. ಈಗ ಅಡ್ಡಿ ಇಲ್ಲ" ಅಂದ್ಲು.

ಅಂದ್ರ ಅಕೀನೂ ತಡಕೊಂಡ ಕುಂತಿದ್ಲು. ನಾನೊಬ್ಬಾಕಿನ ಅಂತ ತಿಳದಿದ್ದೆ.

ಒಂದೂವರಿ ತಿಂಗಳಕ್ಕ ಡಬ್ಬಿ ಖಾಲಿ, ಕೆಟ್ಟಿದ್ದಕ್ಕಲ್ಲ, ರೂಮಿನ ಹುಡುಗ್ಯಾರೆಲ್ಲಾ ತಿಂದಿದ್ದಕ್ಕ. ಕಾಸರಗೋಡ ಹುಡುಗಿ ಅವ್ವನೂ ಅಳತಿ ಕೇಳ್ಯಾರ. ಬದಲಿಗೆ ಅವರು ನಮಗ ಒಂದ ಭರಣಿ ಬ್ರೌನಿ ಪುಡಿ ಕಳಿಸಿದ್ರು. ನಮ್ಮನ್ಯಾಗ ಮೈಕ್ರೋವೇವ್ ಎಲ್ಲಿಂದ ಬರಬೇಕು? ಕುಕ್ಕರಿನ ತಳಕ್ಕ ಉಪ್ಪ ಹರವಿ, ಸೀಟಿ ರಬ್ಬರ್ ತಗದು, ಮ್ಯಾಲ ಬಟ್ಟಲ ಇಟ್ಟ ಸಣ್ಣ ಉರಿ ಮ್ಯಾಲ ಅರ್ಧ ತಾಸ ಮಾಡಿದೆ. ತಳಾ ಸ್ವಲ್ಪ ಹತ್ತಿತು. ಅತ್ತ್ಯಾರಿಗೆ ಒಂದ ತುಂಡ ಕೊಟ್ಟೆ. ತಿರಗ ಮುರಗ ಮಾಡಿ ನೋಡಿ, ಬಾಯಾಗ ಹಾಕ್ಕೊಂಡು, "ಹೊತ್ತಿದ ಮಾದಲಿ ಇದ್ದಂಗೈತಿ" ಅಂದ್ರು. ಅಂದವರು ಇನ್ನೊಂದ ತುಂಡಿಗೆ ಕೈ ಚಾಚಿದ್ರು. ಹಾಲ ಇನ್ನೊಂದ ಚಮಚ ಹಾಕಬೇಕಿತ್ತು.